ಮಂಗಳವಾರದ ಕಟ್ಟೆ

ಆ ವಸ್ತುಸಂಗ್ರಹಾಲಯವನ್ನು ನೋಡಬೇಕೆಂದು ನಾನು ಹೋದವಳಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬಂದಾಗ ಮಟಮಟ ಮಧ್ಯಾಹ್ನ. ಮನೆಯ ಕಡೆಗೆ ಹೋಗುವ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಎದುರಿಗಿದ್ದ ಹಳೆಯ ಕಲ್ಲು ಕಟ್ಟಡದ ಬಾಗಿಲು ತೆರೆದಿತ್ತು, ಒಳಗೆ ನೆರಳಿತ್ತು. ಹೊಕ್ಕೆ. ಆಗ ನನಗೆ ನಲವತ್ತು ದಾಟಿತ್ತು. ಊರಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಅಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದರೂ ಒಮ್ಮೆಯೂ ಒಳಗೆ ಹೋಗಿರಲಿಲ್ಲ.

“ಬರ್ರಿ ಅಕ್ಕಾರ, ಒಳಗಿನ ಖೋಲಿಯೊಳಗ ಫ್ಯಾನ ಅದ, ಅಲ್ಲೇ ಹೋಗ್ರಿ,” ಎಂದರು ಬಾಗಿಲಲ್ಲಿ ಕೂತಿದ್ದ ಮೇಲ್ವಿಚಾರಕರು. ನಾನು ಬಿಸಿಲಿಗೆ ಹೆದರಿ ಬಂದದ್ದು ಅವರಿಗೆ ತಿಳಿದಿರಬೇಕು.

ಮೊದಲ ಕೋಣೆಯಲ್ಲಿ ಮೂಗು ಮುರಿದ ಕಲ್ಲಿನ ಮೂರ್ತಿಗಳು, ತುಕ್ಕು ಹಿಡಿದ ಕತ್ತಿಗಳು, ಒಂದು ಹಳೆಯ ಮಗ್ಗ. ಒಳಗಿನ ಕೋಣೆಯ ಗೋಡೆಗಳ ತುಂಬ ಫೋಟೋಗಳು. ನಮ್ಮ ಪೇಟೆಯಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬರು ತೆಗೆದವಂತೆ. ಅವರು ತೀರಿಕೊಂಡ ಮೇಲೆ ಮಕ್ಕಳು ತಂದುಕೊಟ್ಟಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಮನುಷ್ಯ ಮಾಳಿಗೆಯ ಮೇಲೆ ನಿಂತು ಕೆಳಗಿನ ಬೀದಿಯನ್ನು ತೆಗೆಯುತ್ತಿದ್ದರಂತೆ. ಗಿರಣಿಯ ಭೋಂಗಾ ಕೂಗಿದಾಗ ಗೇಟಿನಿಂದ ಹೊರಬೀಳುವ ಕೂಲಿಗಳು, ಬೈಸಿಕಲ್ಲಿಗೆ ಚಾದರಗಳ ಗಂಟು ಕಟ್ಟಿಕೊಂಡವನು, ಮದುವೆಯ ಕುದುರೆ, ಟಾಂಗಾದಲ್ಲಿ ನಿದ್ದೆ ಹೋದ ಟಾಂಗಾದವನು. ಹೊಸ ಕನ್ನಡಕದಲ್ಲಿ ಎಲ್ಲವೂ ಚೊಕ್ಕವಾಗಿ ಕಾಣುತ್ತಿತ್ತು. ಕನ್ನಡಕ ಚಲೋ ಆಗಿದೆ ಎಂದುಕೊಳ್ಳುತ್ತ ಒಂದೊಂದೇ ನೋಡುತ್ತ ಹೋದೆ.

ಮೂಲೆಯ ಫೋಟೋದ ಮುಂದೆ ನನಗೆ ಜೋರಾಗಿ ನಗು ಬಂದುಬಿಟ್ಟಿತು.

ಅದು ಸಂತೆಯ ದಿನದ ಬೀದಿ, ಒಂದು ತುದಿಯಿಂದ ಉದ್ದಕ್ಕೆ ತೆಗೆದದ್ದು. ಬೀದಿಯ ಒಂದು ಮಗ್ಗುಲಿಗೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಆರೇಳು ವರ್ಷದ ಒಬ್ಬ ಹುಡುಗಿ ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಚೀರುತ್ತಿದ್ದಾಳೆ. ಎದುರಿಗೆ ಒಂದು ಆಡು. ಆಡಿನ ಬಾಯಿಂದ ಹೂವಿನ ಸರ ಜೋತುಬಿದ್ದಿದೆ, ಅದರ ಇನ್ನೊಂದು ತುದಿ ಇನ್ನೂ ಹುಡುಗಿಯ ಜಡೆಯಲ್ಲೇ ಇದೆ. ಸುತ್ತಲಿನ ಜನ ನಗುತ್ತಿದ್ದಾರೆ. ಕಟ್ಟೆಯ ಹಿಂದಿನ ಬಾಗಿಲಿನ ಪಕ್ಕದಲ್ಲಿ ದೊಡ್ಡ ತಕ್ಕಡಿ ತೂಗುಬಿದ್ದಿದೆ. ಆ ತಕ್ಕಡಿ ನನ್ನ ದೊಡ್ಡಪ್ಪನದು, ಬೆಲ್ಲ ಮತ್ತು ಹುಣಸೆಹಣ್ಣು ತೂಗುವುದು. ಆ ಬಾಗಿಲು ನನ್ನ ದೊಡ್ಡವ್ವನ ಮನೆಯದು. ಚೀರುತ್ತಿದ್ದ ಹುಡುಗಿ ನಾನು.

ಆಡು ಹೂ ತಿಂದದ್ದು ನನಗೆ ಪೂರ್ತಿ ಮರೆತುಹೋಗಿತ್ತು. ಈಗ ಫೋಟೋ ನೋಡಿದ್ದೇ ತಡ, ಜಡೆ ಹಿಡಿದು ಜಗ್ಗಿದ ನೋವು, ಆಡಿನ ಮೈಯ ವಾಸನೆ, ಕಾಲಿಗೆ ತಾಗುತ್ತಿದ್ದ ಬಿಸಿ ಕಲ್ಲು ಎಲ್ಲ ಒಮ್ಮೆಲೇ ಬಂದವು. ಅವುಗಳ ಬೆನ್ನಿಗೇ, ನಾನು ಅಷ್ಟೇನೂ ನೆನೆಯಲು ಬಯಸದ ಆ ಎರಡು ವರ್ಷಗಳೂ ಬಂದವು.

ನಮ್ಮ ಸ್ವಂತ ಮನೆ ಅಕ್ಕಲಕೋಟೆಯಲ್ಲಿ, ಅರಮನೆಯ ಹಿಂದಿನ ಓಣಿಯಲ್ಲಿ. ಅಪ್ಪನದು ಕಂಬಳಿ ವ್ಯಾಪಾರ. ಮಂಗಳವೇಢೆ, ಹುಲಜಂತಿ, ಸಲಗರದ ಕಡೆಗೆ ಹೋಗಿ ಕುರುಬರ ಮನೆಗಳಿಂದ ಕಂಬಳಿ ತರುತ್ತಿದ್ದ. ಅವಕ್ಕೆ ಹುಣಸೆಬೀಜದ ಗಂಜಿ ಕಾಯಿಸಿ ಹಚ್ಚಿ, ಒಣಗಿಸಿ, ಮಡಿಕೆ ಮಾಡಿಡುವುದು ಅವ್ವನ ಕೆಲಸ. ಮನೆಯೆಲ್ಲ ಉಣ್ಣೆಯ ವಾಸನೆ, ಆ ಗಂಜಿಯ ವಾಸನೆ. ಐವತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಉಣ್ಣೆಯ ಧೂಳಿಗೆ ಎಂದರು ಎಲ್ಲರೂ. ಕಷಾಯ ಕುಡಿದಳು, ಊರಿನ ಸ್ವಾಮಿಯ ಗುಡಿಯಿಂದ ಅಂಗಾರದ ಬೂದಿ ತಂದು ಹಚ್ಚಿಕೊಂಡಳು. ಕೆಮ್ಮು ಹೋಗಲಿಲ್ಲ.

ಒಂದು ಮುಂಜಾನೆ ಅಪ್ಪ ನನಗೆ ಹೊಸ ಫ್ರಾಕು ತೊಡಿಸಿ, “ನಡಿ, ದೊಡ್ಡವ್ವನ ಮನೀಗೆ ಹೋಗೂಣು,” ಎಂದ. ದೊಡ್ಡವ್ವ ಎಂದರೆ ಅವ್ವನ ಅಕ್ಕ, ಸೊಲ್ಲಾಪುರದವಳು. ನಾನು ಕುಣಿಯುತ್ತ ಅವ್ವನ ಹತ್ತಿರ ಓಡಿದೆ. ಅವಳು ಒಳಗಿನ ಕೋಣೆಯ ಬಾಗಿಲಲ್ಲಿ ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ಹತ್ರ ಬರಬ್ಯಾಡ. ಅಲ್ಲೇ ನಿಲ್ಲು!” ಎಂದು ಗದರಿದಳು.

ನಾನು ನಿಂತೆ. ಅವಳು ಮುಖ ಆಚೆಗೆ ತಿರುಗಿಸಿ, ಕೈಯಿಂದ ಹೋಗು ಎಂಬ ಸನ್ನೆ ಮಾಡಿದಳು. ಅಪ್ಪ ನನ್ನನ್ನು ಎತ್ತಿಕೊಂಡು ಹೊರಗೆ ನಡೆದ. ಅವನ ಹೆಗಲ ಮೇಲಿಂದ ನಾನು ಓಣಿ ತಿರುಗುವವರೆಗೂ ಮನೆಯ ಕಡೆಗೇ ನೋಡುತ್ತಿದ್ದೆ. ತಲೆಬಾಗಿಲಿಗೆ ಅವಳು ಬರಲಿಲ್ಲ.

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನನಗೆ ಅಲ್ಲಿ ಯಾವುದಕ್ಕೂ ಕೊರತೆಯಾಗಲಿಲ್ಲ. ಹೊಟ್ಟೆ ತುಂಬ ಉಣಿಸುತ್ತಿದ್ದಳು, ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು, ಕನ್ನಡ ಸಾಲೆಗೆ ಹಾಕಿದಳು. ಅವ್ವ ಯಾವಾಗ ಬರುತ್ತಾಳೆ ಎಂದು ಕೇಳಿದರೆ ಮಾತ್ರ, “ಬರತಾಳ, ಕೆಲಸ ಭಾಳ ಅದ,” ಎಂದು ಒಲೆಯ ಕಡೆಗೆ ತಿರುಗುತ್ತಿದ್ದಳು. ಕೆಲವು ದಿನ ಕೇಳಿದೆ. ಆಮೇಲೆ ಕೇಳುವುದನ್ನು ಬಿಟ್ಟೆ.

ದೊಡ್ಡವ್ವನ ಒಂದು ರೀತಿ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅವಳು ನನ್ನನ್ನು ಹೊರಗಿನ ಕಟ್ಟೆಗೆ ಬಿಡುತ್ತಿರಲಿಲ್ಲ. “ಹೆಣ್ಣಹುಡುಗಿಗೆ ರಸ್ತಾದಾಗ ಏನ ಕೆಲಸ?” ಎಂದು ಒಳಗೆ ಎಳೆದುಕೊಳ್ಳುತ್ತಿದ್ದಳು. ಮಂಗಳವಾರ ಸಂತೆ ಬಂತೆಂದರೆ ಎಲ್ಲ ತಿರುವುಮುರುವು. ಸಾಲೆಯಿಂದ ಬಂದ ಕೂಡಲೇ ಮುಖ ತೊಳೆದು, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಫ್ರಾಕು ತೊಡಿಸಿ, ಕಟ್ಟೆಯ ಮೇಲೆ ತಂದು ಕೂರಿಸುತ್ತಿದ್ದಳು.

“ಇಲ್ಲೇ ಆಡು. ನಾ ಕರಿಯೂತನಾ ಒಳಗ ಬಂದಿ ಅಂದ್ರ ನೋಡು ಮತ್ತ.”

“ದೊಡ್ಡವ್ವಾ, ಬಿಸಲ ಅದ.”

“ಇರಲಿ. ಈ ಕಡೆ, ರಸ್ತಾದ ಕಡೆ ಮಾರಿ ಮಾಡಿ ಕೂಡು. ಮಗ್ಗಿ ಅನ್ನು. ಜೋರಾಗಿ ಅನ್ನು, ನನಗ ಒಳಗ ಕೇಳಬೇಕು.”

ಬಿಸಿಲು ತೀರ ಹೆಚ್ಚಾದರೆ ದೊಡ್ಡಪ್ಪನ ಕರಿ ಛತ್ರಿ ತಂದು ನನ್ನ ತಲೆಯ ಮೇಲೆ ತಾನೇ ಹಿಡಿದು ನಿಲ್ಲುತ್ತಿದ್ದಳೇ ಹೊರತು ಒಳಗೆ ಕರೆದುಕೊಳ್ಳುತ್ತಿರಲಿಲ್ಲ. ನಾನು ಸಂತೆಯ ಗದ್ದಲಕ್ಕೆ ಎದುರಾಗಿ ಗಂಟಲು ಹರಿಯುವಂತೆ ಮಗ್ಗಿ ಹೇಳುತ್ತಿದ್ದೆ. ಅಂದು ಹಳ್ಳಿಯಿಂದ ಬೆಲ್ಲ ಹೇರಿಕೊಂಡು ಬಂದವರಿಂದ ಮನೆ ತುಂಬಿರುತ್ತಿತ್ತು. ಪರರ ಮಗಳು ಕಾಲಿಗೆ ಅಡ್ಡ ಬರುತ್ತಾಳೆಂದು ಹೊರಗೆ ಹಾಕುತ್ತಾಳೆ ಎಂದು ನಾನೇ ತೀರ್ಮಾನಿಸಿಕೊಂಡೆ. ಅವ್ವ ಮನೆಯಿಂದ ಕಳಿಸಿದಳು, ದೊಡ್ಡವ್ವ ವಾರಕ್ಕೊಮ್ಮೆ ಹೊರಗೆ ಕೂರಿಸುತ್ತಾಳೆ. ಆ ವಯಸ್ಸಿನಲ್ಲಿ ಲೆಕ್ಕ ಅಷ್ಟು ಸರಳವಾಗಿತ್ತು.

ಆ ದಿನಗಳಲ್ಲಿ ನನಗಿದ್ದ ಒಂದೇ ಸುಖ ಎದುರಿನ ಹೂವಿನವಳು. ಬುಟ್ಟಿ ಎತ್ತಿಕೊಂಡು ರಸ್ತೆ ದಾಟಿ ಬಂದು ನನ್ನ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸಿ ಹೋಗುತ್ತಿದ್ದಳು. “ಫುಕಟ್ ಅದ, ಮುಡ್ಕೋ,” ಎನ್ನುತ್ತಿದ್ದಳು ಮುದುಕಿ. ಊರಲ್ಲಿ ಇಷ್ಟು ಮಕ್ಕಳಿರುವಾಗ ನನಗೇ ಯಾಕೆ ಎಂದು ನಾನು ಯೋಚಿಸಲಿಲ್ಲ. ಹಾಗೆ ಮುಡಿಸಿದ ಹೂವನ್ನೇ ಆ ಆಡು ತಿಂದದ್ದು.

ಎರಡು ವರ್ಷದ ಮೇಲೆ ಅಪ್ಪ ಬಂದು ನನ್ನನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋದ. ದೊಡ್ಡವ್ವನೂ ಜೊತೆಗೆ ಬಂದಳು. ಅವ್ವ ಮೈ ತುಂಬಿಕೊಂಡಿದ್ದಳು, ಈ ಸಲ ತಲೆಬಾಗಿಲಲ್ಲೇ ನಿಂತಿದ್ದಳು. ಎರಡೂ ಕೈ ಚಾಚಿದಳು. ನಾನು ದೊಡ್ಡವ್ವನ ಸೀರೆಯ ಹಿಂದೆ ಬಚ್ಚಿಟ್ಟುಕೊಂಡೆ. ಅವ್ವ ಕೈ ಇಳಿಸಿ, “ಇರಲಿ, ಹೊಸಾದು,” ಎಂದು ನಕ್ಕಳು.

ಆ ಹೊಸತನ ಹೋಗಲೇ ಇಲ್ಲ ಎಂದರೂ ತಪ್ಪಿಲ್ಲ. ನಮ್ಮ ನಡುವೆ ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಆಮೇಲೆ ತಮ್ಮ ಹುಟ್ಟಿದ. ಅವನು ಅವಳ ಸೆರಗು ಹಿಡಿದು ಹಟ ಮಾಡುವುದನ್ನು, ಅವಳು ಅವನನ್ನು ಬೈದು ಮರುಕ್ಷಣ ಮುದ್ದಿಸುವುದನ್ನು ನಾನು ನೆಂಟರ ಮನೆಯಲ್ಲಿ ನೋಡುವಂತೆ ನೋಡುತ್ತಿದ್ದೆ. ನಾನು ಕಾಲೇಜಿನಲ್ಲಿದ್ದಾಗ ದೊಡ್ಡವ್ವ ತೀರಿಕೊಂಡಳು. ನನ್ನ ಮದುವೆಯಾದ ಮೇಲೆ ಒಮ್ಮೆ ಅಪ್ಪ ಮಾತಿಗೆ ಮಾತು ಬಂದು ಹೇಳಿದ: “ನಿಮ್ಮವ್ವಗ ಆಗ ಟೀಬಿ ಆಗಿತ್ತು. ಮಂದಿಗೆ ಗೊತ್ತಾದ್ರ ನಿನ್ನ ಲಗ್ನಕ್ಕ ಅಡ್ಡ ಆಗತದ ಅಂತ ಯಾರಿಗೂ ಹೇಳಲಿಲ್ಲ. ವಾರಕ್ಕೊಮ್ಮೆ ಸೊಲ್ಲಾಪುರಕ್ಕ ಹೋಗಿ ಸೂಜಿ ಮಾಡಿಸ್ಕೊಂಡು ಬರತಿದ್ದಳು.”

ನನ್ನನ್ನು ಯಾಕೆ ಕಳಿಸಿದರು ಎಂಬುದು ಅಂದು ತಿಳಿಯಿತು. ಅದಕ್ಕೆ ಸಮಾಧಾನವಾಗಬೇಕಿತ್ತು. ಆದರೆ ಹೊಸದೊಂದು ಮುಳ್ಳು ಒಳಗೆ ಹೊಕ್ಕಿತು. ವಾರಕ್ಕೊಮ್ಮೆ ನಾನಿದ್ದ ಊರಿಗೇ ಬರುತ್ತಿದ್ದಳು. ಎರಡು ವರ್ಷದಲ್ಲಿ ಒಂದು ಸಲ ಕೂಡ ನನ್ನನ್ನು ನೋಡಬೇಕೆನಿಸಲಿಲ್ಲವೇ? ಕೇಳಲು ಬಾಯಿ ಬರಲಿಲ್ಲ. ಹಬ್ಬಕ್ಕೆ ಹೋಗಿ ಬರುತ್ತಿದ್ದೆ, ಸೀರೆ ಒಯ್ಯುತ್ತಿದ್ದೆ, ಆರೋಗ್ಯ ವಿಚಾರಿಸುತ್ತಿದ್ದೆ. ಅವಳೂ ನಮ್ಮ ಮನೆಗೆ ಬಂದರೆ ಒಂದು ರಾತ್ರಿ ಇದ್ದು ಮರುದಿನ ಎಸ್‌ಟಿ ಬಸ್ಸು ಹಿಡಿಯುತ್ತಿದ್ದಳು. ಅಪ್ಪನೂ ಹೋದ ಮೇಲೆ ಅವಳು ತಮ್ಮನ ಸಂಸಾರದ ಜೊತೆ ಅಕ್ಕಲಕೋಟೆಯಲ್ಲೇ ಇದ್ದಳು.

ಇಷ್ಟೆಲ್ಲ ಆ ಫ್ಯಾನಿನ ಕೆಳಗೆ ನಿಂತಲ್ಲೇ ನೆನಪಾಯಿತು. ನಗು ನಿಂತುಹೋಗಿತ್ತು. ಹೊರಡಬೇಕೆಂದು ತಿರುಗುವ ಮುಂಚೆ, ಆ ಹೂವಿನ ಮುದುಕಿ ಫೋಟೋದಲ್ಲಿ ಇದ್ದಾಳೋ ಎಂದು ಹುಡುಕಿದೆ. ಇದ್ದಳು. ಬೀದಿಯ ಇನ್ನೊಂದು ಮಗ್ಗುಲಲ್ಲಿ, ಫೋಟೋದ ಅಂಚಿಗೆ, ಬುಟ್ಟಿಯ ಮುಂದೆ ಕೂತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ತೆಳ್ಳಗಿನ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಕೈಚೀಲ. ಸೆರಗನ್ನು ಎಡಗೈಯಲ್ಲಿ ಮೂಗಿನ ಹತ್ತಿರ ಹಿಡಿದವಳು ಹಿಡಿದದ್ದನ್ನೇ ಮರೆತಿದ್ದಳು. ಸೆರಗು ಗದ್ದಕ್ಕೆ ಇಳಿದಿತ್ತು. ಮುಖವೆತ್ತಿ, ನೇರ ಕಟ್ಟೆಯ ಕಡೆಗೆ ನೋಡುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

ಮೇಲ್ವಿಚಾರಕರನ್ನು ಕರೆದೆ. ಅವರು ಮೇಜಿನಿಂದ ಒಂದು ಭೂತಗನ್ನಡಿ ತಂದುಕೊಟ್ಟರು. “ಯಾರರೆ ಓಳಖಿನವರು, ಗುರುತಿನವರು ಇದ್ದಾರ ಏನ್ರಿ ಅಕ್ಕಾರ?” ಎಂದು ಕೇಳಿದರು. ಗಾಜಿನ ಕೆಳಗೆ ಅವ್ವನ ಕೆನ್ನೆಯ ಗುಳಿ, ನಕ್ಕಾಗ ಮುಚ್ಚಿಹೋಗುವ ಕಣ್ಣು ಸ್ಪಷ್ಟವಾಗಿ ಕಂಡವು. ಅದೇ ಗೋಡೆಯಲ್ಲಿ ಮಳೆಗಾಲದ ಸಂತೆಯ ಇನ್ನೊಂದು ಫೋಟೋ ಇತ್ತು. ಅದರಲ್ಲಿ ಕಟ್ಟೆಯ ಮೇಲೆ ಬರೀ ಛತ್ರಿ, ಛತ್ರಿಯ ಕೆಳಗೆ ನನ್ನ ಕಾಲುಗಳು. ಹೂವಿನವಳು ಗೋಣಿಚೀಲ ಹೊದ್ದು ಕೂತಿದ್ದಳು. ಪಕ್ಕದಲ್ಲಿ, ಸೂರಿನ ಕೆಳಗೆ ಗೋಡೆಗೆ ಒತ್ತಿಕೊಂಡು ಅವ್ವ ನಿಂತಿದ್ದಳು. ಮುಖ ಕಟ್ಟೆಯ ಕಡೆಗೇ ಇತ್ತು.

ಅಲ್ಲೇ ಇದ್ದ ಮರದ ಬಾಕಿನ ಮೇಲೆ ಕೂತು ಅತ್ತೆ. ಮೇಲ್ವಿಚಾರಕರು ನೀರು ತಂದಿಟ್ಟು ಹೊರಗೆ ಹೋದರು.

ಮರುದಿನ ಭಾನುವಾರ. ಬೆಳಗಿನ ಎಸ್‌ಟಿಗೆ ಅಕ್ಕಲಕೋಟೆಗೆ ಹೋದೆ. ತಮ್ಮ, ಅವನ ಹೆಂಡತಿ ಯಾರೋ ನೆಂಟರ ಮನೆಗೆ ಹೋಗಿದ್ದರು. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ಹಬ್ಬಿಲ್ಲ ಹುಣ್ಣಿಮಿಲ್ಲ, ಹೀಂಗ ಒಮ್ಮೆಲೆ ಬಂದಿ? ಎಲ್ಲಾ ಆರಾಮ ಅದೀರಿಲ್ಲ?”

ನಾನು ಅವಳೆದುರು ಕೂತೆ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು.

“ಯವ್ವಾ, ನನ್ನ ಹೂವ ಆಡು ತಿಂದಾಗ ನೀ ಅಲ್ಲಿದ್ದಿ?”

ಅವ್ವನ ಕೈಯಲ್ಲಿ ಮೊರ ನಿಂತಿತು. ಆಮೇಲೆ ಫೋಟೋದಲ್ಲಿದ್ದ ಹಾಗೆಯೇ ಅವಳ ಕಣ್ಣು ಮುಚ್ಚಿಹೋದವು.

“ಅಯ್ಯ, ಆ ಆಡು!” ಎಂದು ನಗತೊಡಗಿದಳು. “ಎಷ್ಟ ಚೀರಿದ್ದೀ ನೀ! ನಗತ ನಗತ ನನಗ ಕೆಮ್ಮ ಬಂದು, ಆ ಹೂವಿನಾಕಿ ನೀರ ಕುಡಿಸಿದಳು. ನಿನಗ ಯಾರ ಹೇಳಿದ್ರು?”

ಫೋಟೋದ ವಿಷಯ ಹೇಳಿದೆ. ಅವಳು ಬೆರಗಾಗಿ ಕೇಳಿದಳು. ಮೊರ ಬದಿಗಿಟ್ಟಳು.

“ಅಕ್ಕಗ ಮೊದಲಿಗೇ ಹೇಳಿದ್ದೆ,” ಎಂದಳು. “ಮಂಗಳವಾರ ದವಾಖಾನಿ ಮುಗಿಸಿ ಬರತೀನಿ, ಹುಡುಗೀನ ಕಟ್ಟಿ ಮ್ಯಾಲೆ ಕೂಡಿಸು ಅಂತ. ನಿಮ್ಮಪ್ಪಗ ಬಾಜಾರ ಮಾಡತೀನಿ ಅಂತ ಹೇಳಿ ಬರತಿದ್ದೆ. ಗೊತ್ತಾಗಿದ್ರ ಬೈತಿದ್ರು. ದಾಕ್ತರು ಹತ್ರ ಹೋಗಬ್ಯಾಡ ಅಂದಿದ್ರು. ದೂರಿಂದ ನೋಡಬ್ಯಾಡ ಅಂತ ಏನ ಅಂದಿರಲಿಲ್ಲ.”

“ನನಗ ಒಂದ ಸನ್ನಿ ಮಾಡಿದ್ರ ಆಗತಿರಲಿಲ್ಲೇನ?”

“ಮಾಡಿದ್ರ ನೀ ಓಡಿ ಬರತಿದ್ದಿ. ಓಡಿ ಬಂದಿ ಅಂದ್ರ ನಾ ಎತ್ಕೊಂಡ ಬಿಡತಿದ್ದೆ. ಆ ಟೀಬಿ ಆಜಾರ ಅದಕ್ಕ ಕಾಯತಿತ್ತು.” ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನಕ್ಕಳು. “ಏಳರ ಮಗ್ಗಿ ನಿನಗ ಕಡೀತನಾ ಬರಲಿಲ್ಲ ನೋಡು. ವಾರಾ ವಾರಾ ಅಲ್ಲೇ ಎಡವತಿದ್ದಿ. ಅಲ್ಲಿಂದ ಕೂಗಿ ಹೇಳಬೇಕು ಅನಿಸ್ತಿತ್ತು.”

ಜೋರಾಗಿ ಅನ್ನು ಎಂದು ದೊಡ್ಡವ್ವ ಯಾಕೆ ಒತ್ತಾಯಿಸುತ್ತಿದ್ದಳು, ಈ ಕಡೆ ಮಾರಿ ಮಾಡು ಎಂದು ಯಾಕೆ ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದಳು ಎಂಬುದು ಆಗ ತಿಳಿಯಿತು. ನೆತ್ತಿ ಸುಡುವ ಬಿಸಿಲಲ್ಲಿ ಅವಳು ಛತ್ರಿ ಹಿಡಿದು ನಿಂತಿದ್ದದ್ದು ತಂಗಿಗಾಗಿ.

“ಹೂವ?” ಎಂದೆ.

“ಮತ್ತ? ಆ ಮುದುಕಿ ಫುಕಟ್ ಕೊಡಾಕಿ ಏನ? ನಾ ಮುಟ್ಟತಿರಲಿಲ್ಲ. ಆಕಿನ ಕೈಲೇ ಕಳಸತಿದ್ದೆ.”

“ಇಷ್ಟ ವರ್ಷ ಯಾಕ ಹೇಳಲಿಲ್ಲಬೇ ಯವ್ವಾ?”

ಅವ್ವ ಸೀರೆಯ ಮೇಲೆ ಬಿದ್ದ ಜೋಳದ ಕಾಳನ್ನು ಆರಿಸಿ ಮೊರಕ್ಕೆ ಹಾಕಿದಳು. “ಏನಂತ ಹೇಳಲಿ? ಹೇಳಿದ್ರ ಆಜಾರದ ಸುದ್ದಿ ಹೇಳಬೇಕಾಗತಿತ್ತು. ನೀ ದೊಡ್ಡಾಕಿ ಆದ ಮ್ಯಾಲ ಅಕ್ಕ ಹೇಳಿರಬೇಕು ಅನಕೊಂಡೆ. ಗೊತ್ತಿದ್ದೂ ನನ್ನ ಮ್ಯಾಲ ಸಿಟ್ಟ ಅದ ಅನಕೊಂಡೆ. ಮನಿ ಬಿಟ್ಟ ಕಳಿಸಿದ್ದು ಖರೇ ಅಲ್ಲ? ಸಿಟ್ಟ ಬಂದ್ರ ಬರಲಿ, ಮಗಳ ಜೀವಂತ ಅದಾಳ ಅಂತ ಸುಮ್ಮನಿದ್ದೆ.”

ಅವಳು ಹಾಗೆ ಅಂದುಕೊಂಡಿದ್ದಳು, ನಾನು ಹೀಗೆ ಅಂದುಕೊಂಡಿದ್ದೆ. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟೆ. ನಲವತ್ತು ದಾಟಿದ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಹೆಂಗಸು. ಅವಳ ಕೈ ನನ್ನ ತಲೆಯ ಮೇಲೆ ಬಂತು. ಎದೆಯ ಮೇಲೆ ಯಾರೋ ಹೇರಿಟ್ಟಿದ್ದ ಕಂಬಳಿಯ ಹೊರೆ ಕೆಳಗಿಳಿದ ಹಾಗಾಯಿತು. ಉಸಿರು ಹೊಟ್ಟೆಯ ತನಕ ಹೋಗಿ ಬಂತು.

“ನಡಿ, ನನಗೂ ಆ ಫೋಟೋ ತೋರಸು,” ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಸಂಜೆ ತಮ್ಮ ಬಂದ ಮೇಲೆ ಅವನಿಗೆ ಹೇಳಿ ಅವಳನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಬಂದೆ. ಮರುದಿನ ಸಾಲೆಗೆ ರಜೆ ಹಾಕಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅವ್ವ ಕತ್ತಿಗಳನ್ನೂ ಮೂರ್ತಿಗಳನ್ನೂ ನೋಡಲಿಲ್ಲ. ನೇರ ಒಳಗಿನ ಕೋಣೆಗೆ ಹೋಗಿ, ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಹತ್ತಿರ ನಿಂತಳು. ಮೊದಲು ನನ್ನನ್ನು ನೋಡಿ ನಕ್ಕಳು. ದೊಡ್ಡವ್ವ ಎಲ್ಲಿ ಎಂದು ಹುಡುಕಿದಳು. ಬಾಗಿಲ ಕತ್ತಲಲ್ಲಿ ಅವಳ ಸೀರೆಯ ಅಂಚು ಮತ್ತು ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈಯ ಮೇಲೆ ಅವ್ವ ಬೆರಳಿಟ್ಟು ನಿಂತಳು. ಕೊನೆಗೆ ತನ್ನನ್ನು ನೋಡಿಕೊಂಡಳು.

“ಶಿವನೇ! ಎಷ್ಟ ಬಡಕಲಾಗಿದ್ದೆ ನಾ. ಉಳೀತೀನಿ ಅಂತ ಯಾರಿಗೂ ಖಾತ್ರಿ ಇರಲಿಲ್ಲ.” ಆಮೇಲೆ ಮೇಲ್ವಿಚಾರಕರ ಕಡೆಗೆ ತಿರುಗಿ, ನನ್ನನ್ನು ತೋರಿಸಿ, “ಆ ಚೀರಾಕತ್ತಾಕಿ ಈಕಿನೇ ನೋಡ್ರಿ. ನನ್ನ ಮಗಳು,” ಎಂದಳು. ಅವರು ಫೋಟೋವನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಚಹಾ ತರಿಸಿದರು. ಕೆಲವು ದಿನ ಬಿಟ್ಟು ನಮಗಾಗಿ ಒಂದು ಪ್ರತಿಯನ್ನೂ ಮಾಡಿಸಿಕೊಟ್ಟರು.

ಆ ಸಲ ಅವ್ವ ಮರುದಿನದ ಎಸ್‌ಟಿ ಹಿಡಿಯಲಿಲ್ಲ. ದೀಪಾವಳಿ ಮುಗಿಯುವವರೆಗೂ ಇದ್ದಳು. ಮೊದಲ ವಾರ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಎರಡನೆಯ ವಾರ ನನ್ನ ಅಡುಗೆಮನೆಯಲ್ಲಿ ಅವಳ ಕಾರುಬಾರು ಶುರುವಾಯಿತು. ಚಟ್ನಿಗೆ ಶೇಂಗಾ ಹುರಿದದ್ದು ಸಾಲದು, ಡಬ್ಬಿಗಳು ಜಾಗದಲ್ಲಿಲ್ಲ, ಪಲ್ಯಕ್ಕೆ ಎಣ್ಣೆ ಹೆಚ್ಚು.

“ರೊಟ್ಟಿ ಇಷ್ಟ ದಪ್ಪ ಬಡದ್ರ ಹೆಂಗವ್ವ? ಹಲ್ಲ ಇಲ್ಲದಾಕಿ ಹೆಂಗ ತಿನ್ನಲಿ?” ಎಂದಳು ಒಂದು ದಿನ.

“ತಿನ್ನೂದಿದ್ರ ತಿನ್ನು, ಇಲ್ಲಂದ್ರ ನೀನ ಬಂದು ಬಡಿ,” ಎಂದುಬಿಟ್ಟೆ ನಾನು.

ಅವಳಿಗೆ ನಾನು ಹಾಗೆ ಎದುರು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಅಂದ ಮೇಲೆ ನನಗೇ ಗಾಬರಿಯಾಯಿತು. ಅವ್ವ ಮಾತ್ರ, “ನೋಡಪ್ಪಾ ಈಕಿನ ಬಾಯಿ,” ಎಂದು ನನ್ನ ಯಜಮಾನರಿಗೆ ದೂರು ಹೇಳುತ್ತ, ಸೊಂಟಕ್ಕೆ ಸೆರಗು ಸಿಗಿಸಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಬಂದು ಕೂತಳು. ನಾನು ಸರಿದು ಜಾಗ ಕೊಟ್ಟೆ. ಅವಳು ರೊಟ್ಟಿ ಬಡಿದಳು, ನಾನು ಹೆಂಚಿನ ಮೇಲೆ ಬೇಯಿಸಿದೆ.